ಲ್ಯಾಬ್ರಡಾರ್ ಮರಿ ಆರಿಸುವಾಗ ಕಪ್ಪೋ, ಹಳದಿಯೋ, ಚಾಕೊಲೇಟೋ? ಬಣ್ಣದ ಪ್ರಶ್ನೆಯನ್ನು ಹಂತ ಹಂತವಾಗಿ ಬಿಡಿಸಿಕೊಳ್ಳಿ

"ಕಪ್ಪು ಲ್ಯಾಬ್ ಬುದ್ಧಿವಂತ, ಹಳದಿ ಲ್ಯಾಬ್ ಸಾಧು, ಚಾಕೊಲೇಟ್ ಲ್ಯಾಬ್ ಹುಚ್ಚಾಟದ್ದು ಎನ್ನುತ್ತಾರೆ. ನಿಜವೇ? ನಮ್ಮ ಮನೆಗೆ ಯಾವುದು ತರಲಿ?" ಮರಿ ಕೊಳ್ಳಲು ಹೊರಟವರಲ್ಲಿ ಹತ್ತಕ್ಕೆ ಏಳು ಮಂದಿ ನನ್ನನ್ನು ಮೊದಲು ಕೇಳುವುದು ಇದನ್ನೇ. ತಾಯಿ ನಾಯಿ ಹೇಗಿದೆ, ಮರಿ ಎಲ್ಲಿ ಬೆಳೆದಿದೆ ಎಂಬ ಪ್ರಶ್ನೆಗಳು ಆಮೇಲೆ ಬರುತ್ತವೆ, ಕೆಲವೊಮ್ಮೆ ಬರುವುದೇ ಇಲ್ಲ. ಹನ್ನೆರಡು ವರ್ಷ ನಿಮ್ಮೊಂದಿಗೆ ಬಾಳುವ ಜೀವವನ್ನು ಸೀರೆಯ ಬಣ್ಣ ಆರಿಸಿದಂತೆ ಆರಿಸಬೇಡಿ. ಬಣ್ಣಕ್ಕೆ ಎಷ್ಟು ಬೆಲೆ ಕೊಡಬೇಕು, ಎಲ್ಲಿ ಕೊಡಬಾರದು ಎಂಬುದನ್ನು ಇಲ್ಲಿ ಕ್ರಮವಾಗಿ ಹೇಳುತ್ತೇನೆ.

ನಿಮ್ಮ ಬಳಿ ಇರಬೇಕಾದದ್ದು ಇಷ್ಟು: ಒಂದು ನೋಟ್‌ಬುಕ್, ಒಂದು ಸ್ಟೀಲ್ ತಟ್ಟೆ, ಉಂಡೆ ಮಾಡಿದ ಒಂದು ಹಾಳೆ, ಮರಿಗಳನ್ನು ಎರಡು ಸಲ ನೋಡಿಬರುವಷ್ಟು ಬಿಡುವು, ಮತ್ತು "ಇವತ್ತೇ ತೆಗೆದುಕೊಂಡು ಹೋಗಿ, ನಾಳೆ ಇರುವುದಿಲ್ಲ" ಎಂಬ ಮಾತಿಗೆ ಸೋಲದಷ್ಟು ತಾಳ್ಮೆ.

1. ಬಣ್ಣ ಎಲ್ಲಿಂದ ಬರುತ್ತದೆ ಎಂದು ತಿಳಿಯಿರಿ

ಲ್ಯಾಬ್ರಡಾರ್ ತಳಿಯ ಅಧಿಕೃತ ಬಣ್ಣಗಳು ಮೂರೇ: ಕಪ್ಪು, ಹಳದಿ, ಚಾಕೊಲೇಟ್. ನಮ್ಮಲ್ಲಿ ಬಿಳಿ, ಕೆನೆ, ಫಾನ್, ಗೋಲ್ಡನ್ ಎಂದೆಲ್ಲ ಹೆಸರಿಟ್ಟು ಮಾರುವುದು ಹಳದಿಯ ಛಾಯೆಗಳನ್ನೇ. ನರಿಯ ಮೈಯಂತೆ ಕೆಂಪಗಿರುವ 'ಫಾಕ್ಸ್ ರೆಡ್' ಕೂಡ ಹಳದಿಯೇ.

ಈ ಮೂರು ಬಣ್ಣಗಳನ್ನು ತೀರ್ಮಾನಿಸುವುದು ಮುಖ್ಯವಾಗಿ ಎರಡು ಜೀನ್‌ಗಳು. ಜೀನ್ ಎಂದರೆ ತಂದೆಯಿಂದ ಒಂದು, ತಾಯಿಯಿಂದ ಒಂದು ಎಂಬಂತೆ ಜೋಡಿಯಾಗಿ ಬರುವ ವಂಶವಾಹಿ. ಕೆರೆ ಮತ್ತು ತೂಬನ್ನು ನೆನೆಸಿಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಮೊದಲ ಜೀನ್ ಕೆರೆಯ ನೀರಿನ ಬಣ್ಣ ಕಪ್ಪೋ ಕಂದೋ ಎಂದು ಹೇಳುತ್ತದೆ. ಎರಡನೆಯದು ತೂಬು, ಅದು ತೆರೆದಿದ್ದರೆ ಆ ಬಣ್ಣ ಕೂದಲಿಗೆ ಹರಿಯುತ್ತದೆ, ಮುಚ್ಚಿದ್ದರೆ ಕೂದಲಿಗೆ ತಿಳಿ ಹಳದಿ ವರ್ಣದ್ರವ್ಯವಷ್ಟೇ ಸಿಗುತ್ತದೆ. ಹಳದಿ ಲ್ಯಾಬ್‌ನ ಮೈ ಹಳದಿಯಾದರೂ ಮೂಗು ಮತ್ತು ಕಣ್ಣಂಚು ಕಪ್ಪಗಿರುವುದು ಇದಕ್ಕೇ: ಕೆರೆ ಕಪ್ಪಗೇ ಇದೆ, ಕೂದಲಿನ ಕಡೆಯ ತೂಬು ಮುಚ್ಚಿದೆ. ಕಂದು ಕೆರೆ ಮತ್ತು ಮುಚ್ಚಿದ ತೂಬು ಎರಡೂ ಸೇರಿದರೆ ಹಳದಿ ಮೈ, ಕಂದು ಮೂಗು, ತಿಳಿಗಣ್ಣಿನ ಮರಿ ಹುಟ್ಟುತ್ತದೆ. ಅದನ್ನು 'ಡಡ್ಲಿ' ಎನ್ನುತ್ತಾರೆ.

ಕಂದು ಕೆರೆಯಾಗಲಿ ಮುಚ್ಚಿದ ತೂಬಾಗಲಿ ಮರಿಯಲ್ಲಿ ಕಾಣಿಸಬೇಕಾದರೆ ಅಪ್ಪ ಅಮ್ಮ ಇಬ್ಬರಿಂದಲೂ ಬರಬೇಕು. ಒಂದೇ ಕಡೆಯಿಂದ ಬಂದರೆ ಒಳಗೆ ಅಡಗಿರುತ್ತದೆ. ಹಾಗಾಗಿ ಎರಡು ಕಪ್ಪು ನಾಯಿಗಳಿಗೆ ಒಂದೇ ಸೂಲಿನಲ್ಲಿ ಮೂರೂ ಬಣ್ಣದ ಮರಿಗಳು ಹುಟ್ಟಬಹುದು. ಎರಡು ಹಳದಿಗಳಿಗೆ ಹಳದಿ ಮರಿ ಮಾತ್ರ ಹುಟ್ಟುತ್ತದೆ. ಎರಡು ಚಾಕೊಲೇಟ್‌ಗಳಿಗೆ ಕಪ್ಪು ಮರಿ ಹುಟ್ಟುವುದಿಲ್ಲ. ಹುಟ್ಟಿದೆ ಎಂದು ಮಾರುವವರು ಹೇಳಿದರೆ ಅಪ್ಪ ಬೇರೆ ಎಂದು ತಿಳಿಯಿರಿ.

ಒಂದೇ ಹೊಟ್ಟೆಯಲ್ಲಿ ಬೆಳೆದು, ಒಂದೇ ಹಾಲು ಕುಡಿದು, ಒಂದೇ ಗೋಣಿಚೀಲದ ಮೇಲೆ ಒಬ್ಬರ ಮೈಮೇಲೊಬ್ಬರು ಮಲಗಿದ ಮೂರು ಬಣ್ಣದ ಒಡಹುಟ್ಟುಗಳಿವು. ಅವುಗಳ ನಡುವಿನ ಬಣ್ಣದ ವ್ಯತ್ಯಾಸ ಹುಟ್ಟಿದ್ದು ಒಂದೆರಡು ಜೀನ್‌ಗಳಿಂದ. ಆ ಜೀನ್‌ಗಳಿಗೆ ಗೊತ್ತಿರುವ ಕೆಲಸ ವರ್ಣಕೋಶಗಳಲ್ಲಿ ಬಣ್ಣ ಮಾಡುವುದು. ಪಾಠ ಕಲಿಯುವುದನ್ನೋ ಮಕ್ಕಳೊಡನೆ ಮೃದುವಾಗಿ ನಡೆದುಕೊಳ್ಳುವುದನ್ನೋ ಅವು ತೀರ್ಮಾನಿಸುತ್ತವೆ ಎಂದು ಯಾರೂ ತೋರಿಸಿಲ್ಲ.

2. ಮಾತು ಹುಟ್ಟಿದ್ದು ಹೇಗೆ ಎಂದು ನೋಡಿ

ಹಾಗಿದ್ದರೂ ಇಷ್ಟು ಜನ ಒಂದೇ ಮಾತು ಹೇಳುವುದು ಏಕೆ? ಇದಕ್ಕೆ ಉತ್ತರ ತಳಿಯ ಚರಿತ್ರೆಯಲ್ಲಿದೆ.

ಲ್ಯಾಬ್ರಡಾರ್‌ನ ಮೂಲ ಕೆನಡಾದ ನ್ಯೂಫೌಂಡ್‌ಲ್ಯಾಂಡ್. ಅಲ್ಲಿನ ಮೀನುಗಾರರ ಜೊತೆ ನೀರಿಗಿಳಿದು ಕೆಲಸ ಮಾಡುತ್ತಿದ್ದ ನಾಯಿಗಳನ್ನು ಬ್ರಿಟನ್ನಿನ ಶ್ರೀಮಂತ ಮನೆತನಗಳು ತರಿಸಿಕೊಂಡು, ಬೇಟೆಯಲ್ಲಿ ಬಿದ್ದ ಹಕ್ಕಿಯನ್ನು ಹಲ್ಲು ನಾಟದಂತೆ ಬಾಯಲ್ಲಿ ಹಿಡಿದು ತರುವ ಕೆಲಸಕ್ಕೆ ಪಳಗಿಸಿದವು. 'ರಿಟ್ರೀವರ್' ಎಂದರೆ ಹೀಗೆ ಎತ್ತಿ ತರುವ ನಾಯಿ. ಆ ಕಾಲದಲ್ಲಿ ಬೇಕಾಗಿದ್ದದ್ದು ಕಪ್ಪು ಮಾತ್ರ. ಮೊದಲು ನೋಂದಣಿಯಾದ ಹಳದಿ ಲ್ಯಾಬ್ ಎಂದು ಹೆಸರಾದ 'ಬೆನ್ ಆಫ್ ಹೈಡ್' ಹುಟ್ಟಿದ್ದು 1899ರಲ್ಲಿ. ಬ್ರಿಟನ್ನಿನ ಕೆನಲ್ ಕ್ಲಬ್ ಈ ತಳಿಗೆ ಮಾನ್ಯತೆ ಕೊಟ್ಟಿದ್ದು 1903ರಲ್ಲಿ. ಚಾಕೊಲೇಟ್ ಬಣ್ಣಕ್ಕೆ ಬೇಡಿಕೆ ಬಂದದ್ದು ಬಹಳ ತಡವಾಗಿ.

ಇದರಿಂದ ಏನಾಯಿತೆಂದರೆ, ಬೇಟೆಯ ಕೆಲಸಕ್ಕೆಂದು ತಲೆಮಾರುಗಳ ಕಾಲ ಸೋಸಿ ಸೋಸಿ ಆರಿಸಿದ ವಂಶಗಳಲ್ಲಿ ಕಪ್ಪು ಹೆಚ್ಚು ಉಳಿಯಿತು. ಚಾಕೊಲೇಟ್ ಹೆಚ್ಚಾಗಿ ಮನೆಯ ಮುದ್ದಿಗೂ ಪ್ರದರ್ಶನಕ್ಕೂ ಬೆಳೆಯಿತು. ಕಪ್ಪು ಲ್ಯಾಬ್ ಹೆಚ್ಚು ಮಾತು ಕೇಳುತ್ತದೆ ಎಂದು ಒಬ್ಬ ಬೇಟೆಗಾರ ಹೇಳಿದರೆ ಅವನು ಕಂಡದ್ದು ಸುಳ್ಳಲ್ಲ. ಆದರೆ ಅವನು ಕಂಡದ್ದು ವಂಶವನ್ನು. ಬಣ್ಣ ಆ ವಂಶದ ಮೈಮೇಲಿತ್ತು.

ಬೇರೆ ತಳಿಯ ಕಥೆಯೂ ಇಲ್ಲಿ ಬೆರೆತಿದೆ. ಇಂಗ್ಲಿಷ್ ಕಾಕರ್ ಸ್ಪ್ಯಾನಿಯಲ್‌ಗಳಲ್ಲಿ ಕೆಂಪು ಮತ್ತು ಹೊಂಬಣ್ಣದವು ಕಪ್ಪಿನವುಗಳಿಗಿಂತ ಹೆಚ್ಚು ಮುನಿಯುತ್ತವೆ ಎಂದು 1996ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಂಡಿತ್ತು. ಆ ಮಾತು ತಳಿಯಿಂದ ತಳಿಗೆ ಹರಿದುಬಂದಿದೆ. ಕಾಕರ್‌ನ ಅಳತೆಗೋಲಿನಿಂದ ಲ್ಯಾಬ್ ಅನ್ನು ಅಳೆಯಬೇಡಿ.

3. ಅಧ್ಯಯನಗಳು ನಿಜಕ್ಕೂ ಏನು ಹೇಳುತ್ತವೆ ಎಂದು ಓದಿ

ಬಣ್ಣಕ್ಕೂ ಸ್ವಭಾವಕ್ಕೂ ಏನೇನೂ ಸಂಬಂಧ ಕಂಡಿಲ್ಲ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. 2014ರಲ್ಲಿ ಬ್ರಿಟನ್ನಿನ 1,978 ಲ್ಯಾಬ್‌ಗಳ ಮಾಲೀಕರಿಗೆ ದೀರ್ಘ ಪ್ರಶ್ನಾವಳಿ ಕೊಟ್ಟು ಮಾಡಿದ ಅಧ್ಯಯನ ಪ್ರಕಟವಾಯಿತು. ಅದರಲ್ಲಿ ಚಾಕೊಲೇಟ್ ಲ್ಯಾಬ್‌ಗಳು ಕಪ್ಪಿನವುಗಳಿಗಿಂತ ಬೇಗ ಉದ್ರೇಕಗೊಳ್ಳುತ್ತವೆ, ತಮ್ಮನ್ನು ಕಡೆಗಣಿಸಿದರೆ ಹೆಚ್ಚು ಚಡಪಡಿಸುತ್ತವೆ ಎಂದು ಕಂಡುಬಂತು. ಕಲಿಕೆಯ ಅಂಕದಲ್ಲಿ ಅವು ಕಪ್ಪು, ಹಳದಿ ಎರಡಕ್ಕಿಂತಲೂ ಕೆಳಗಿದ್ದವು. ಸದ್ದಿನ ಭಯದಲ್ಲಿಯೂ ಅವುಗಳ ಅಂಕ ಕಡಿಮೆಯೇ ಇತ್ತು, ಅಂದರೆ ಸದ್ದಿಗೆ ಹೆದರುವುದು ಕಡಿಮೆ. ದೀಪಾವಳಿಯ ಪಟಾಕಿಗೆ ನಡುಗುವ ನಾಯಿಯನ್ನು ಮಂಚದಡಿಯಿಂದ ಎಳೆದು ಸಮಾಧಾನ ಮಾಡಿದವರಿಗೆ ಇದು ಸಣ್ಣ ವಿಷಯವಲ್ಲ. ಚಾಕೊಲೇಟ್ ಹುಚ್ಚು ಎಂದು ಸಾರುವವರು ಈ ಭಾಗವನ್ನು ಹೇಳುವುದಿಲ್ಲ.

ಈ ಫಲಿತಾಂಶವನ್ನು ಓದುವಾಗ ಮೂರು ಎಚ್ಚರ ಬೇಕು. ಅಂಕ ಕೊಟ್ಟವರು ಮಾಲೀಕರು. ಚಾಕೊಲೇಟ್ ತುಂಟ ಎಂದು ಕೇಳಿ ಬಂದವರ ಕಣ್ಣಿಗೆ ತುಂಟತನವೇ ಮೊದಲು ಬೀಳುತ್ತದೆ. ಸಿಕ್ಕ ವ್ಯತ್ಯಾಸ ಗುಂಪುಗಳ ಸರಾಸರಿಯದು, ನಿಮ್ಮ ಮುಂದೆ ಕುಳಿತ ಮರಿಯದಲ್ಲ. ಮತ್ತು ಹಿಂದಿನ ಹಂತದಲ್ಲಿ ಹೇಳಿದ ವಂಶದ ಕಥೆ ಇಲ್ಲೂ ಒಳಗೊಳಗೇ ಇದೆ. ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಸಿಕ್ಕಿತು: ಹೆಚ್ಚು ವ್ಯಾಯಾಮ ಸಿಗುವ ನಾಯಿಗಳಲ್ಲಿ ಕೋಪ, ಜನರ ಭಯ, ಒಂಟಿ ಬಿಟ್ಟಾಗಿನ ಸಂಕಟ ಕಡಿಮೆ. ಬಣ್ಣ ನಿಮ್ಮ ಕೈಯಲ್ಲಿಲ್ಲ, ಬೆಳಗಿನ ನಡಿಗೆ ನಿಮ್ಮ ಕೈಯಲ್ಲಿದೆ.

2022ರಲ್ಲಿ ಹದಿನೆಂಟು ಸಾವಿರಕ್ಕೂ ಹೆಚ್ಚು ನಾಯಿಗಳ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನವೊಂದು, ನಾಯಿ ನಾಯಿಯ ನಡುವಿನ ನಡವಳಿಕೆಯ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ಸುಮಾರು ಶೇ 9 ಮಾತ್ರ ಎಂದು ಹೇಳಿತು. ಇಡೀ ತಳಿಗೇ ಅಷ್ಟು ಪಾಲಾದರೆ, ಒಂದು ತಳಿಯೊಳಗಿನ ಮೈಬಣ್ಣಕ್ಕೆ ಎಷ್ಟು ಉಳಿದೀತು, ನೀವೇ ಲೆಕ್ಕ ಹಾಕಿ.

ಬುದ್ಧಿಯ ಬಗ್ಗೆ ಒಂದು ಮಾತು. ಹೇಳಿದ ಮಾತನ್ನು ಬೇಗ ಕಲಿಯುವುದು ಬೇರೆ, ಬುದ್ಧಿ ಬೇರೆ. ಲ್ಯಾಬ್‌ಗಳು ಬೇಗ ಕಲಿಯುವುದರ ಹಿಂದೆ ಹೊಟ್ಟೆಯ ಪಾತ್ರವೂ ದೊಡ್ಡದು. 2016ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು ಈ ತಳಿಯ ಪಿಒಎಂಸಿ ಎಂಬ ಜೀನ್‌ನಲ್ಲಿ ಒಂದು ತುಂಡು ಕಳಚಿಹೋಗಿರುವುದನ್ನು ಗುರುತಿಸಿದರು. ಇದಿರುವ ನಾಯಿಗೆ ಹಸಿವು ತಣಿಯುವುದೇ ಕಷ್ಟ. ಪರೀಕ್ಷಿಸಿದ ಲ್ಯಾಬ್‌ಗಳಲ್ಲಿ ಸುಮಾರು ಕಾಲು ಭಾಗಕ್ಕೆ ಇದಿತ್ತು. ಅಂಗವಿಕಲರ ನೆರವಿಗೆಂದು ತರಬೇತಿ ಪಡೆದವುಗಳಲ್ಲಿ ಶೇ 76ಕ್ಕೆ ಇತ್ತು. ತಿಂಡಿಗಾಗಿ ಏನನ್ನೂ ಮಾಡುವ ನಾಯಿ ತಿಂಡಿ ಕೊಟ್ಟು ಕಲಿಸುವ ಪಾಠದಲ್ಲಿ ಮುಂದಿರುತ್ತದೆ. ನಾವು ಅದನ್ನು ಜಾಣತನ ಎನ್ನುತ್ತೇವೆ.

4. ಮರಿಗಿಂತ ಮೊದಲು ತಾಯಿಯನ್ನು ನೋಡಿ

ಎಲ್ಲ ಹಂತಗಳಲ್ಲಿ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ. ತಾಯಿ ನಾಯಿ ಇರುವ ಮನೆಗೇ ಹೋಗಿ. ಗೇಟಿನ ಹತ್ತಿರ, ರಸ್ತೆಬದಿಯಲ್ಲಿ, ಕಾರಿನ ಡಿಕ್ಕಿಯಲ್ಲಿ ಮರಿ ತೋರಿಸುವವರಿಂದ ತೆಗೆದುಕೊಳ್ಳಬೇಡಿ.

ಒಳಗೆ ಹೋದ ಮೇಲೆ ಮರಿಗಳ ಕಡೆ ನೋಡುವ ಆಸೆಯನ್ನು ಐದು ನಿಮಿಷ ತಡೆದುಕೊಳ್ಳಿ. ಸುಮ್ಮನೆ ಒಂದು ಕಡೆ ಕುಳಿತು ತಾಯಿಯನ್ನು ಗಮನಿಸಿ. ಒಳ್ಳೆಯ ಸ್ವಭಾವದ ಲ್ಯಾಬ್ ತಾಯಿ ಒಂದೆರಡು ಸಲ ಬೊಗಳಿ, ಹತ್ತಿರ ಬಂದು, ಬಾಲ ಬೆನ್ನಿನ ಮಟ್ಟದಲ್ಲಿ ಅಗಲವಾಗಿ ಬೀಸುತ್ತ, ನಿಮ್ಮ ಚಪ್ಪಲಿ ಮೂಸಿ, ಅಂಗೈ ಮೂಸಿ, ಮತ್ತೆ ಹೋಗಿ ಮಲಗುತ್ತದೆ. ಹಾಲು ಕುಡಿಸುವ ತಾಯಿ ಸ್ವಲ್ಪ ಕಾವಲಾಗಿರುವುದು ಸಹಜ. ಆದರೆ ಬಾಲ ಕಾಲಸಂದಿಗೆ ಸಿಕ್ಕಿಸಿ ಮೂಲೆಗೆ ಒತ್ತಿಕೊಳ್ಳುವ, ಅಥವಾ ಕಣ್ಣಿನ ಬಿಳಿ ತೋರುವಂತೆ ಓರೆನೋಟ ನೆಟ್ಟು ಗುರುಗುಟ್ಟುವ ತಾಯಿಯ ಮರಿ, ಯಾವ ಬಣ್ಣದ್ದಾದರೂ ಬೇಡ. ಭಯ ವಂಶದಲ್ಲಿಯೂ ಬರುತ್ತದೆ, ತಾಯಿಯನ್ನು ನೋಡಿ ಕಲಿತೂ ಬರುತ್ತದೆ.

ಕಪ್ಪು ನಾಯಿಯ ವಿಷಯದಲ್ಲಿ ಒಂದು ಎಚ್ಚರ ಹೇಳಲೇಬೇಕು. ಮಂದ ಬೆಳಕಿನ ಕೋಣೆಯಲ್ಲಿ ಕಪ್ಪು ಮುಖದ ಹುಬ್ಬಿನ ಚಲನೆ, ತುಟಿಯ ಬಿಗಿತ, ಕಣ್ಣಿನ ಓರೆ ಯಾವುದೂ ನಮಗೆ ಸರಿಯಾಗಿ ಕಾಣುವುದಿಲ್ಲ. ಅದು 'ಗಂಭೀರ' ಎನ್ನಿಸುತ್ತದೆ, ಕೆಲವರಿಗೆ 'ಕ್ರೂರ' ಎನ್ನಿಸುತ್ತದೆ. ಚಾಕೊಲೇಟ್ ಲ್ಯಾಬ್‌ನ ತಿಳಿಗಂದು ಕಣ್ಣು ಇದಕ್ಕೆ ತದ್ವಿರುದ್ಧ. ನೋಟ ಎದ್ದು ಕಾಣುವುದರಿಂದ ನಾಯಿಯೇ ಚಂಚಲ ಎನ್ನಿಸಿಬಿಡುತ್ತದೆ. ಆದ್ದರಿಂದ ನಾಯಿಯನ್ನು ಅಂಗಳದ ಬೆಳಕಿಗೆ ತರಿಸಿ ನೋಡಿ.

5. ಕಾಗದ ಕೇಳಿ

ಕೆನಲ್ ಕ್ಲಬ್ ಆಫ್ ಇಂಡಿಯಾದ ನೋಂದಣಿ ಪತ್ರ ಇದ್ದರೆ ಅದರಲ್ಲಿ ವಂಶಾವಳಿ ಇರುತ್ತದೆ. ಅಪ್ಪನ ಕಡೆಯಲ್ಲೂ ಅಮ್ಮನ ಕಡೆಯಲ್ಲೂ ಒಂದೇ ಹೆಸರು ಮತ್ತೆ ಮತ್ತೆ ಬಂದಿದೆಯೇ ನೋಡಿ. ಬಂದಿದ್ದರೆ ಹತ್ತಿರದ ರಕ್ತಸಂಬಂಧದಲ್ಲೇ ಕೂಡಿಸಿದ್ದಾರೆ ಎಂದು ಅರ್ಥ. ಬೇಡಿಕೆಯ ಬಣ್ಣಕ್ಕಾಗಿ ಕೂಡಿಸುವಾಗ ಈ ತಪ್ಪು ಹೆಚ್ಚು, ಅದರಲ್ಲೂ ಚಾಕೊಲೇಟ್‌ನಲ್ಲಿ. ಅಪ್ಪ ಅಮ್ಮನ ಸೊಂಟದ ಕೀಲಿನ ಎಕ್ಸ್-ರೇ ಆಗಿದೆಯೇ ಎಂದು ಕೇಳಿ. ಲ್ಯಾಬ್‌ಗಳಿಗೆ ಕೀಲು ಸಡಿಲವಾಗಿ ಸವೆಯುವ 'ಹಿಪ್ ಡಿಸ್ಪ್ಲೇಸಿಯಾ' ವಂಶದಿಂದ ಬರುತ್ತದೆ. ಸೊಂಟ ನೋಯುವ ನಾಯಿ ಮುಟ್ಟಿದರೆ ಸಿಡುಕುತ್ತದೆ, ಜನ ಅದನ್ನು ಸ್ವಭಾವ ಎನ್ನುತ್ತಾರೆ.

ನಮ್ಮ ದೇಶದ 2017ರ ನಿಯಮಗಳ ಪ್ರಕಾರ ನಾಯಿ ಸಾಕಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರಬಾರದು. ಮೂವತ್ತು ದಿನದ ಮರಿಯನ್ನು ಕೈಗೆ ಕೊಟ್ಟು "ಈಗಲೇ ಒಯ್ದರೆ ನಿಮಗೆ ಚೆನ್ನಾಗಿ ಹೊಂದಿಕೊಳ್ಳುತ್ತದೆ" ಎನ್ನುವವರನ್ನು ನಂಬಬೇಡಿ. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಮರಿ ಕಲಿಯುವುದು ಆ ವಾರಗಳಲ್ಲಿ, ಒಡಹುಟ್ಟುಗಳ ಕಿವಿ ಕಚ್ಚಿ, ಕಚ್ಚಿಸಿಕೊಂಡು.

ಬಣ್ಣದ ಹೆಸರಿನಲ್ಲಿ ನಡೆಯುವ ದೊಡ್ಡ ಮೋಸ 'ಸಿಲ್ವರ್ ಲ್ಯಾಬ್'ನದು. ಬಣ್ಣವನ್ನು ತೆಳುವಾಗಿಸುವ ಮತ್ತೊಂದು ಜೀನ್‌ನಿಂದ ಈ ಬೂದುಬಣ್ಣ ಬರುತ್ತದೆ. 'ಚಾರ್ಕೋಲ್', 'ಷಾಂಪೇನ್' ಎಂಬ ಹೆಸರುಗಳೂ ಇದೇ ಗುಂಪಿಗೆ ಸೇರಿದವು. ಇವು ಅಧಿಕೃತ ಬಣ್ಣಗಳಲ್ಲ, ಮತ್ತು ಇಂಥ ಕೆಲವು ನಾಯಿಗಳಿಗೆ ಬೆಳೆದಂತೆ ಕೂದಲು ಉದುರಿ ಚರ್ಮ ಒಡೆಯುವ ಕಾಯಿಲೆ ಬರುತ್ತದೆ. 'ಅಪರೂಪದ ಬಣ್ಣ' ಎಂದು ಹೆಚ್ಚು ಹಣ ಕೇಳಿದರೆ ಕೈಮುಗಿದು ಹೊರಬನ್ನಿ.

6. ಮರಿಗಳನ್ನು ಬಣ್ಣ ಬರೆಯದೆ ಅಳೆಯಿರಿ

ಏಳೆಂಟು ವಾರದ ಹೊತ್ತಿಗೆ, ಮರಿಗಳು ನಿದ್ದೆಯಿಂದ ಎದ್ದು ಊಟಕ್ಕೆ ಮುಂಚೆ ಇರುವ ಸಮಯದಲ್ಲಿ ಹೋಗಿ. ಪ್ರತಿ ಮರಿಯ ಕೊರಳಿಗೆ ಒಂದೊಂದು ದಾರ ಕಟ್ಟಿಸಿ, ನೋಟ್‌ಬುಕ್‌ನಲ್ಲಿ ದಾರದ ಗುರುತು ಮಾತ್ರ ಬರೆಯಿರಿ, ಮೈಬಣ್ಣ ಬರೆಯಬೇಡಿ. ಬರೆಯುವ ಕೆಲಸವನ್ನು ಬಣ್ಣದ ಆಸೆಯಿಲ್ಲದ ಒಬ್ಬರಿಗೆ ವಹಿಸಿ. ಮನೆಗೆ ಬಂದು ಟಿಪ್ಪಣಿ ಓದಿ ಆರಿಸಿದ ಮೇಲೆ ಅದು ಯಾವ ಬಣ್ಣದ್ದೆಂದು ನೋಡಿ. ಈ ಒಂದು ಉಪಾಯ ಎಷ್ಟೋ ಮನೆಗಳ ಆಯ್ಕೆಯನ್ನು ಬದಲಿಸಿದ್ದನ್ನು ಕಂಡಿದ್ದೇನೆ.

ಒಂದೊಂದೇ ಮರಿಯನ್ನು ಬೇರೆ ಕೋಣೆಗೆ ತಂದು ಹೀಗೆ ಮಾಡಿ. ಕುಕ್ಕರಗಾಲಲ್ಲಿ ಕುಳಿತು ಮೆಲ್ಲಗೆ ಚಪ್ಪಾಳೆ ತಟ್ಟಿ: ಬರುತ್ತದೆಯೇ, ಎಷ್ಟು ಹೊತ್ತಿಗೆ? ಎದ್ದು ನಡೆಯಿರಿ: ಹಿಂದೆ ಬರುತ್ತದೆಯೇ? ಕಾಗದದ ಉಂಡೆ ಉರುಳಿಸಿ: ಬೆನ್ನಟ್ಟಿ ಕಚ್ಚಿ ನಿಮ್ಮ ಕಡೆ ತರುವ ಮರಿಯಲ್ಲಿ ರಿಟ್ರೀವರ್ ರಕ್ತ ಎದ್ದು ಕಾಣುತ್ತಿದೆ. ತೊಡೆಯ ಮೇಲೆ ಅಂಗಾತ ಮಲಗಿಸಿ ಎದೆಯ ಮೇಲೆ ಕೈಯಿಡಿ: ಸ್ವಲ್ಪ ಒದ್ದಾಡಿ ಸುಮ್ಮನಾಗುವುದು ಒಳ್ಳೆಯದು.

ಕೊನೆಗೆ ಸ್ಟೀಲ್ ತಟ್ಟೆ. ಮರಿ ಬೇರೆ ಕಡೆ ನೋಡುತ್ತಿರುವಾಗ ಆರೇಳು ಅಡಿ ದೂರದಲ್ಲಿ ನೆಲಕ್ಕೆ ಬೀಳಿಸಿ. ಎಲ್ಲ ಮರಿಗಳೂ ಬೆಚ್ಚುತ್ತವೆ, ಅದರಲ್ಲಿ ತಪ್ಪಿಲ್ಲ. ನೀವು ನೋಡಬೇಕಾದದ್ದು ಬೆಚ್ಚಿದ ಮೇಲಿನ ಹತ್ತು ಸೆಕೆಂಡು. ನಾನು ಇತ್ತೀಚೆಗೆ ನೋಡಿದ ಸೂಲಿನಲ್ಲಿ ಒಂದು ಮರಿ ಹಾರಿಬಿದ್ದು, ಹಿಂಗಾಲು ಜಾರಿಸಿಕೊಂಡು ನನ್ನ ಬೆನ್ನ ಹಿಂದೆ ನುಗ್ಗಿತು. ಮೂರೆಣಿಸುವಷ್ಟರಲ್ಲಿ ಮೂಗು ಹೊರಗೆ ಬಂತು. ಆಮೇಲೆ ಹೊಟ್ಟೆ ನೆಲಕ್ಕೆ ಸವರುವಂತೆ ತೆವಳುತ್ತ ಹೋಗಿ, ಇನ್ನೂ ಸಣ್ಣಗೆ ಅದುರುತ್ತಿದ್ದ ತಟ್ಟೆಯ ಅಂಚನ್ನು ನೆಕ್ಕಿ ನೋಡಿತು. ಹೀಗೆ ಬೇಗ ಸುಧಾರಿಸಿಕೊಳ್ಳುವ ಮರಿ ಊರಿನ ಸದ್ದುಗದ್ದಲದಲ್ಲಿ ನೆಮ್ಮದಿಯಾಗಿ ಬಾಳುತ್ತದೆ. ಮೂಲೆ ಸೇರಿ ಹೊರಬರದೇ ಇದ್ದ ಇನ್ನೊಂದು ಮರಿಯೂ ಅದರ ಬಣ್ಣದ್ದೇ ಆಗಿತ್ತು, ಕಪ್ಪು.

ಈ ಪರೀಕ್ಷೆಗಳನ್ನು ಜಾತಕದಂತೆ ನಂಬಬೇಡಿ. ಏಳು ವಾರದಲ್ಲಿ ಕಂಡದ್ದು ಎರಡು ವರ್ಷದ ನಾಯಿಯ ಬಗ್ಗೆ ಸ್ವಲ್ಪವೇ ಹೇಳುತ್ತದೆ. ತೀರಾ ಅಂಜುವ, ತೀರಾ ಮೇಲೆ ಬೀಳುವ ಎರಡು ತುದಿಗಳನ್ನು ಬಿಟ್ಟು ನಡುವಿನದನ್ನು ಆರಿಸಲು ಅಷ್ಟು ಸಾಕು.

7. ತಂದ ಮೇಲಿನ ಎರಡು ತಿಂಗಳು

ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗೆ ಮರಿ ಕಂಡದ್ದನ್ನೆಲ್ಲ "ಇದು ಲೋಕದ ರೀತಿ" ಎಂದು ಸ್ವೀಕರಿಸುತ್ತದೆ. ಆಮೇಲೆ ಆ ಬಾಗಿಲು ನಿಧಾನವಾಗಿ ಮುಚ್ಚಿಕೊಳ್ಳುತ್ತದೆ. ಲಸಿಕೆ ಮುಗಿಯುವವರೆಗೆ ಹೊರಗೆ ಬಿಡಬಾರದೆಂದು ಮರಿಯನ್ನು ನಾಲ್ಕು ಗೋಡೆಯೊಳಗೇ ಕೂಡಿಹಾಕುವುದು ನಮ್ಮಲ್ಲಿ ನಾನು ಕಾಣುವ ಅತಿ ದೊಡ್ಡ ತಪ್ಪು. ಬೀದಿಯ ನೆಲಕ್ಕೆ ಇಳಿಸಬೇಡಿ, ಆದರೆ ಎತ್ತಿಕೊಂಡು ಹೋಗಿ. ಆಟೊ ಸದ್ದು, ಕುಕ್ಕರ್ ಸೀಟಿ, ಹೆಲ್ಮೆಟ್ ಹಾಕಿದ ಗಂಡಸರು, ಕೋಲು ಹಿಡಿದ ಅಜ್ಜ, ಓಡುವ ಮಕ್ಕಳು, ದೇವಸ್ಥಾನದ ಗಂಟೆ: ದಿನಕ್ಕೆ ಒಂದೆರಡು ಹೊಸದು, ಜೊತೆಗೆ ಬಾಯಿಗೊಂದು ಸಣ್ಣ ತಿಂಡಿ. ತಿಂಡಿಯನ್ನು ದಿನದ ಊಟದಿಂದಲೇ ಕಳೆಯಿರಿ, ಇಲ್ಲದಿದ್ದರೆ ಲ್ಯಾಬ್ ಆರು ತಿಂಗಳಲ್ಲಿ ಪೀಪಾಯಿಯಾಗುತ್ತದೆ.

ಕೂರು, ಬಾ, ಬಿಡು ಎಂಬ ಮೂರು ಮಾತು ಸಾಕು, ಸಲಕ್ಕೆ ಮೂರು ನಿಮಿಷ, ದಿನಕ್ಕೆ ನಾಲ್ಕು ಸಲ. ಮನೆಯಲ್ಲಿ ಎಲ್ಲರೂ ಒಂದೇ ಪದ ಬಳಸಿ. ಅಮ್ಮ "ಕೂತ್ಕೋ", ಅಪ್ಪ "ಸಿಟ್", ಮಗ "ಬೈಠ್" ಎಂದರೆ ಕಲಿಯದಿದ್ದುದಕ್ಕೆ ಬಣ್ಣವನ್ನು ದೂರಬೇಡಿ.

8. ಬಣ್ಣ ನೋಡಲೇಬೇಕಾದ ಜಾಗ: ಆರೋಗ್ಯ

ಬ್ರಿಟನ್ನಿನ ಪಶುವೈದ್ಯಕೀಯ ದಾಖಲೆಗಳನ್ನು ಆಧರಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಚಾಕೊಲೇಟ್ ಲ್ಯಾಬ್‌ಗಳ ಮಧ್ಯಮ ಆಯಸ್ಸು 10.7 ವರ್ಷ, ಉಳಿದ ಬಣ್ಣಗಳದು 12.1 ವರ್ಷ ಎಂದು ಕಂಡಿತು. ಮಧ್ಯಮ ಎಂದರೆ ಅರ್ಧದಷ್ಟು ನಾಯಿಗಳು ಅದಕ್ಕಿಂತ ಹೆಚ್ಚು, ಅರ್ಧದಷ್ಟು ಕಡಿಮೆ ಬದುಕಿದ ವಯಸ್ಸು. ಕಿವಿಯ ಉರಿಯೂತ ಚಾಕೊಲೇಟ್‌ಗಳಲ್ಲಿ ಶೇ 23.4, ಹಳದಿಯಲ್ಲಿ ಶೇ 17, ಕಪ್ಪಿನಲ್ಲಿ ಶೇ 12.8 ಇತ್ತು. ನಾಯಿ ತಾನೇ ನೆಕ್ಕಿ ಕಚ್ಚಿ ಹಸಿಗಾಯ ಮಾಡಿಕೊಳ್ಳುವ 'ಹಾಟ್ ಸ್ಪಾಟ್' ಕೂಡ ಚಾಕೊಲೇಟ್‌ಗಳಲ್ಲೇ ಹೆಚ್ಚು. ಬಣ್ಣಕ್ಕಾಗಿ ಕಿರಿದಾದ ವಂಶದಲ್ಲೇ ಕೂಡಿಸಿದ್ದು ಇದಕ್ಕೆ ಕಾರಣವಿರಬಹುದು ಎಂಬುದು ಆ ಸಂಶೋಧಕರ ಊಹೆ. ಬಿಸಿಲಿನ ಭಯದಿಂದ ಕಪ್ಪನ್ನು ಬೇಡವೆನ್ನುವವರಿಗೂ ಒಂದು ಮಾತು: 2019ರಲ್ಲಿ ಕಪ್ಪು ಮತ್ತು ಹಳದಿ ಲ್ಯಾಬ್‌ಗಳನ್ನು ಬಿಸಿಲಿನಲ್ಲಿ ನಡೆಸಿ ಮೈಬಿಸಿ ಅಳೆದಾಗ ಬಣ್ಣದಿಂದ ವ್ಯತ್ಯಾಸ ಕಂಡಿರಲಿಲ್ಲ. ಬೇಸಿಗೆಯಲ್ಲಿ ಮೂರೂ ಬಣ್ಣದವನ್ನೂ ಬೆಳಗ್ಗೆ ಏಳರೊಳಗೆ ನಡೆಸಿ ತನ್ನಿ.

ನಿಮ್ಮ ಮನೆಯಲ್ಲಿ ಈಗಾಗಲೇ ಚಾಕೊಲೇಟ್ ಲ್ಯಾಬ್ ಇದ್ದರೆ ಇದನ್ನು ಓದಿ ಗಾಬರಿಯಾಗಬೇಡಿ, ಭಾನುವಾರಕ್ಕೊಂದು ಕೆಲಸ ಇಟ್ಟುಕೊಳ್ಳಿ. ನಾಯಿಯನ್ನು ಪಕ್ಕಕ್ಕೆ ಮಲಗಿಸಿ ಜೋತುಬಿದ್ದ ಕಿವಿಯನ್ನು ಮೇಲಕ್ಕೆ ಮಡಿಸಿ. ಒಳಗೆ ತಿಳಿ ಗುಲಾಬಿ ಬಣ್ಣವಿದ್ದು ವಾಸನೆ ಇಲ್ಲದಿದ್ದರೆ ಏನೂ ಮಾಡಬೇಡಿ. ಕೆಂಪಾಗಿದ್ದರೆ, ಕಾಫಿಪುಡಿಯಂತಹ ಕೊಳೆ ಅಥವಾ ಹುಳಿಬಂದ ಹಿಟ್ಟಿನಂತಹ ವಾಸನೆ ಇದ್ದರೆ ಪಶುವೈದ್ಯರಲ್ಲಿಗೆ ಹೋಗಿ. ಎಣ್ಣೆ ಬಿಡಬೇಡಿ, ಇಯರ್‌ಬಡ್ ಹಾಕಬೇಡಿ. ಕೆರೆಯಲ್ಲೋ ತೊಟ್ಟಿಯಲ್ಲೋ ಈಜಿಸಿದ ದಿನ ಕಿವಿಯ ಹೊರಭಾಗವನ್ನು ಒಣಬಟ್ಟೆಯಿಂದ ಒರೆಸಿ, ಕುತ್ತಿಗೆಪಟ್ಟಿಯ ಕೆಳಗಿನ ತುಪ್ಪಳವನ್ನೂ ಬೆರಳಿನಿಂದ ಬಿಡಿಸಿ ಒಣಗಿಸಿ. ಹಸಿಗಾಯ ಮೊದಲು ಏಳುವುದು ಹೀಗೆ ತೇವ ಉಳಿದ ಜಾಗದಲ್ಲೇ.